ಹಿತ್ತಲ ಕೋಳಿಗಳನ್ನು ರಾತ್ರಿಯ ಶತ್ರುಗಳಿಂದ ಕಾಪಾಡುವ ಕ್ರಮ

ಶಿವಮೊಗ್ಗ ಮತ್ತು ಭದ್ರಾವತಿಯ ಸುತ್ತಣ ಹಳ್ಳಿಗಳಲ್ಲಿ ಹಿತ್ತಲಲ್ಲಿ ನಾಲ್ಕೆಂಟು ಕೋಳಿಗಳನ್ನು ಸಾಕುವ ಮನೆಗಳು ಅನೇಕವಾಗಿವೆ. ಇವುಗಳಿಂದ ಬರುವ ಕಾಸು ಬಹುಮಟ್ಟಿಗೆ ಮನೆಯ ಹೆಂಗಸರ ಕೈ ಸೇರತಕ್ಕದ್ದು. ಕಾವಿಗೆ ಕುಳಿತ ಒಂದು ಹೇಂಟೆಯನ್ನು ನರಿಯು ಒಯ್ದಿತೆಂದರೆ ನಷ್ಟವಾಗುವುದು ಒಂದು ಕೋಳಿ ಮಾತ್ರವಲ್ಲ. ಅದರ ಅಡಿಯಲ್ಲಿದ್ದ ಹತ್ತು ಹನ್ನೆರಡು ಮೊಟ್ಟೆಗಳೂ, ೨೧ ದಿನಗಳ ಕಾವಿನಲ್ಲಿ ಕಳೆದಷ್ಟು ಕಾಲವೂ, ಮುಂದೆ ಬರಬೇಕಾಗಿದ್ದ ಮರಿಗಳೂ ಒಟ್ಟಿಗೆ ಹೋದಂತಾಯಿತು. ಇದನ್ನು ಹಣೆಯ ಬರಹವೆಂದು ಸುಮ್ಮನಾಗುವವರುಂಟು. ವಿಚಾರಿಸಿ ನೋಡಿದರೆ ದೋಷವು ಬಹುತೇಕ ಗೂಡಿನದೇ ಆಗಿರುವುದು.

ಈ ಪ್ರಾಂತದಲ್ಲಿ ಊರಿಗೂ ಕಾಡಿಗೂ ದೂರವಿಲ್ಲ. ಶಿವಮೊಗ್ಗದ ಪಶ್ಚಿಮಕ್ಕೆ ಶೆಟ್ಟಿಹಳ್ಳಿ ಅಭಯಾರಣ್ಯವಿದೆ. ಭದ್ರಾವತಿಯ ದಕ್ಷಿಣದ ಕಡೆಗೆ ಭದ್ರಾ ಅರಣ್ಯ ಹಬ್ಬಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಯು ೧೯೨೩ ರಲ್ಲಿ ಹೊತ್ತಿದಾಗ ಅದಕ್ಕೆ ಬೇಕಾದ ಇದ್ದಲನ್ನು ಸುತ್ತಣ ಕಾಡಿನ ಮರದಿಂದಲೇ ಸುಡುತ್ತಿದ್ದರೆಂಬುದನ್ನು ನೆನೆದರೆ ಈ ನೆರೆಹೊರೆಯ ಸಂಬಂಧ ತಿಳಿಯುವುದು. ಕಾಡಿನಿಂದ ದೂರವಿದ್ದ ಮಾತ್ರಕ್ಕೆ ನಿರ್ಭಯವೆಂದು ಹೇಳಲಾಗದು. ಕಬ್ಬಿನ ಗದ್ದೆಯು ನರಿಗೂ ಕಾಡುಬೆಕ್ಕಿಗೂ ಒಳ್ಳೆಯ ಅಡಗುದಾಣ. ಕಬ್ಬನ್ನು ಕಡಿದೊಡನೆ ಅವು ಮರೆ ಹುಡುಕುತ್ತ ಹಿತ್ತಲುಗಳ ಕಡೆಗೆ ಸರಿಯುವುವು. ಪಟ್ಟಣದೊಳಗಾದರೆ ಬೀದಿನಾಯಿ, ಹೆಗ್ಗಣ, ಹಂಚಿನ ಮೇಲೆ ಓಡಾಡುವ ಕಬ್ಬೆಕ್ಕು ಇವುಗಳದೇ ಕಾಟ.

ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದು ಬಹು ಕಡಮೆ. ಸಂಜೆ ಕುಳಿತ ಕಡೆಯಲ್ಲಿಯೇ ಅದು ಬೆಳಗಾಗುವವರೆಗೂ ಕುಳಿತಿರುವುದು. ಪಕ್ಕದ ಕೋಳಿಯನ್ನು ಹಿಡಿದರೂ ಓಡಲು ದಾರಿ ತಿಳಿಯದು. ಹಗುರ ಮೈಯ ನಾಟಿ ಕೋಳಿಯು ಸಂಜೆಗೆ ಮರವನ್ನಾದರೂ ಏರೀತು. ಬೆಂಗಳೂರಿನಲ್ಲಿ ಸಿದ್ಧಪಡಿಸಿ ೧೯೮೯ ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ ತಳಿಯು ಮೈಭಾರದ್ದಾದುದರಿಂದ ಅದಕ್ಕೆ ಈ ಉಪಾಯವೂ ಸುಲಭವಲ್ಲ. ಅನಂತರ ೨೦೦೫ ರಲ್ಲಿ ಬಂದ ಸ್ವರ್ಣಧಾರ ತಳಿಯು ಅದಕ್ಕಿಂತ ಹಗುರವಾದ್ದರಿಂದ ನರಿ, ಕಾಡುಬೆಕ್ಕುಗಳಿಂದ ತಪ್ಪಿಸಿಕೊಳ್ಳುವುದರಲ್ಲಿ ಮೇಲು. ಆದರೂ ಮರ ಹತ್ತುವ ಕಬ್ಬೆಕ್ಕಿನ ಮುಂದೆ ಮರವೂ ಆಸರೆಯಲ್ಲ. ತಳಿ ಯಾವುದಾದರೂ ಗೂಡು ಬೇಕೇ ಬೇಕು.

ಗೂಡನ್ನು ತಿದ್ದುವ ಮೊದಲು ಕಳ್ಳನಾರೆಂದು ಗುರುತಿಸುವುದು ಲೇಸು. ಕೋಳಿ ಇಡಿಯಾಗಿ ಮಾಯವಾಗಿ ಬೇಲಿಯವರೆಗೂ ಪುಕ್ಕ ಚೆಲ್ಲಿದ್ದರೆ ಸಾಮಾನ್ಯವಾಗಿ ನರಿ ಅಥವಾ ಕಾಡುಬೆಕ್ಕು. ಮರಿಗಳು ಒಂದೊಂದಾಗಿ ಕಡಮೆಯಾಗುತ್ತ ಗೋಡೆಯ ಬುಡದಲ್ಲಿ ಹೊಸ ಬಿಲ ಕಂಡರೆ ಹೆಗ್ಗಣ. ಚಿಪ್ಪು ಸಹ ಉಳಿಯದೆ ಮೊಟ್ಟೆ ಹೋದರೆ ಹಾವಿನ ಮೇಲೆ ಸಂಶಯಪಡಬಹುದು. ಮುಂಗುಸಿಯನ್ನು ರಾತ್ರಿಯ ಕಳ್ಳನೆಂದು ದೂರುವುದುಂಟು; ಅದು ಹಗಲಿನ ಪ್ರಾಣಿ, ನಡುರಾತ್ರಿಯ ತಪ್ಪನ್ನು ಅದರ ಮೇಲೆ ಹೊರಿಸುವುದು ನ್ಯಾಯವಲ್ಲ.

ಮಂಕರಿಯನ್ನು ಕವುಚಿ ಮೇಲೆ ಕಲ್ಲಿಡುವ ಪದ್ಧತಿಯು ಮನೆಯೊಳಗೆ ಸರಿ, ಹಿತ್ತಲಿಗೆ ಸಾಲದು. ಮಲೆನಾಡಿನವರು ಕೋಳಿ ಒಡ್ಡಿಯೆಂದು ಕರೆಯುವ ಗೂಡನ್ನು ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಕಂಬಗಳ ಮೇಲೆ ಕಟ್ಟತಕ್ಕದ್ದು. ಪ್ರತಿಯೊಂದು ಕಂಬಕ್ಕೂ ಒಂದೂವರೆ ಅಡಿ ಅಗಲದ ನುಣುಪಾದ ತಗಡನ್ನು ಸುತ್ತಿದರೆ ಹೆಗ್ಗಣಕ್ಕೆ ಉಗುರೂರಲು ಎಡೆಯಿರದು. ದೊಡ್ಡ ಕೋಳಿಗೆ ಒಂದೂವರೆ ಚದರಡಿಯಂತೆ ಜಾಗವಿರಲಿ. ಗಾಳಿಯಾಡುವ ಕಡೆಗೆ ಅರ್ಧ ಅಂಗುಲದ ಕಣ್ಣುಳ್ಳ, ಬೆಸುಗೆ ಹಾಕಿದ ತಂತಿಯ ಜಾಲರಿಯನ್ನೇ ಹೊಡೆಯಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ದೊರೆಯುವ ಆರು ಮೂಲೆಯ ತೆಳು ಬಲೆಯು ಕೋಳಿಯನ್ನು ಒಳಗಿಡುವುದೇ ಹೊರತು ನಾಯಿನರಿಗಳನ್ನು ಹೊರಗಿಡದು. ಅದರ ಕಣ್ಣು ಹಾವಿನ ಮರಿಗೆ ಹೆಬ್ಬಾಗಿಲು. ಗೂಡು ನೆಲದ ಮೇಲೆಯೇ ಇರಬೇಕಾದಲ್ಲಿ ಜಾಲರಿಯನ್ನು ಒಂದಡಿ ಹೂಳಿ, ಅಲ್ಲಿಂದ ಹೊರಕ್ಕೆ ಒಂದಡಿ ಮಡಿಸಿ ಮಣ್ಣು ಮುಚ್ಚಬೇಕು. ಬಗೆಯುವ ಪ್ರಾಣಿಯು ಗೋಡೆಯ ಬುಡದಲ್ಲಿಯೇ ಬಗೆಯುವುದರಿಂದ ಅದರ ಉಗುರು ಈ ಜಾಲರಿಗೇ ತಗಲುವುದು. ಮಳೆಗಾಲಕ್ಕೆ ಮುಂಚೆ ಜರುಗಿದ ಹೆಂಚುಗಳನ್ನು ಸರಿಪಡಿಸುವುದನ್ನೂ, ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಸವರುವುದನ್ನೂ ಮರೆಯಬಾರದು. ಜಡಿಮಳೆಯ ಸದ್ದಿನಲ್ಲಿ ಕೋಳಿಯ ಕೂಗು ಮನೆಯವರಿಗೆ ಕೇಳಿಸದು. ಬಾಗಿಲಿಗೆ ದಾರದ ಕಟ್ಟು ಸಾಲದು, ಚಿಲಕವಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ದೀಪ ಹಚ್ಚುವ ಹೊತ್ತಿಗೆ ಕೋಳಿಗಳನ್ನೆಣಿಸಿ ಬಾಗಿಲು ಹಾಕುವ ಕೆಲಸವನ್ನು ಮನೆಯಲ್ಲಿ ಒಬ್ಬರಿಗೆ ಗೊತ್ತುಮಾಡಿರಬೇಕು. ಹತ್ತು ಜನರ ಕೆಲಸವೆಂದರೆ ಯಾರೂ ಮಾಡರು. ಹೀಗೆ ಕೂಡಿಟ್ಟ ಕೋಳಿಗಳಿಗೆ ಕೊಕ್ಕರೆ ರೋಗದ ಲಸಿಕೆ ಹಾಕಿಸುವುದೂ ಸುಲಭವೆಂಬುದು ಬೇರೊಂದು ಲಾಭ.

ರಾತ್ರಿಯೆಲ್ಲ ದೀಪ ಉರಿಸಿದರೆ ಪ್ರಾಣಿಗಳು ಬಾರವೆಂದು ನಂಬುವವರಿದ್ದಾರೆ. ಕೆಲವು ದಿನಗಳಲ್ಲಿ ಅವು ಅದಕ್ಕೆ ಪಳಗುವುವು. ಕೋಳಿಗಳ ವಿಶ್ರಾಂತಿ ಮಾತ್ರ ಕೆಡುವುದು. ಗೂಡಿನ ಬಳಿ ಕೋಳಿಯ ಕರುಳು, ಪುಕ್ಕ, ಎಂಜಲುಗಳನ್ನು ಎಸೆಯುವುದಂತೂ ಶತ್ರುವಿಗೆ ಓಲೆ ಕಳುಹಿಸಿದಂತೆ.

ಕೋಪದಿಂದ ವಿಷವಿಟ್ಟ ಮಾಂಸವನ್ನಿಡುವುದು, ಉರುಳೊಡ್ಡುವುದು, ಬೇಲಿಗೆ ವಿದ್ಯುತ್ತು ಹಾಯಿಸುವುದು ಇವು ಮೂರೂ ಅಪಾಯಕರ. ವಿಷವನ್ನು ಊರ ನಾಯಿ ತಿನ್ನುವುದು, ವಿದ್ಯುತ್ತಿನ ತಂತಿಯನ್ನು ಮಕ್ಕಳು ಮುಟ್ಟಿಯಾರು, ಉರುಳಿಗೆ ಚಿರತೆ ಬಿದ್ದೀತು. ೧೯೭೨ ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನರಿ, ಕಾಡುಬೆಕ್ಕು, ಕಬ್ಬೆಕ್ಕು, ಹೆಬ್ಬಾವುಗಳನ್ನು ಕೊಲ್ಲುವುದು ಶಿಕ್ಷಾರ್ಹವೂ ಹೌದು. ಭತ್ತ ಕಬ್ಬುಗಳನ್ನು ಕಡಿಯುವ ಇಲಿಗಳನ್ನು ತಿನ್ನುವುವೂ ಇವೇ ಎಂಬುದನ್ನು ಜಮೀನುದಾರರು ಗಮನಿಸತಕ್ಕದ್ದು. ಗೂಡಿನೊಳಗೆ ಕೋಳಿ ನುಂಗಿ ಹೊಟ್ಟೆಯುಬ್ಬಿ, ಬಂದ ಕಂಡಿಯಲ್ಲಿ ಹಿಂದಿರುಗಲಾರದ ಹೆಬ್ಬಾವು ಕಂಡುಬಂದರೆ ಬಡಿಯದೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು.

ಹೆಚ್ಚಿನ ನಷ್ಟವನ್ನನುಭವಿಸತಕ್ಕವರು ತೋಟ ಗದ್ದೆಗಳ ಅಂಚಿನ ಬಿಡಾರಗಳಲ್ಲಿರುವ ಕೂಲಿಯವರು. ಜಾಲರಿಗೆ ಹಣ ಹೂಡುವುದು ಅವರಿಗೆ ಕಷ್ಟ. ಜಮೀನುದಾರರು ತೋಟದಲ್ಲಿ ಬಿದ್ದ ಅಡಕೆಮರದ ದಬ್ಬೆ, ಹಳೆಯ ತಗಡು, ಒಂದಿಷ್ಟು ಜಾಲರಿ ಇಷ್ಟನ್ನು ಒದಗಿಸಿ, ಬಿಡಾರದ ಸುತ್ತ ಇಪ್ಪತ್ತು ಮೂವತ್ತಡಿಯಷ್ಟು ಪೊದೆ ಸವರಿಸಿಕೊಟ್ಟರೆ ಸಾಕು. ಊರಿನ ಮುಖಂಡರು ಕಬ್ಬು ಕಡಿಯುವ ದಿನಗಳನ್ನು ಅಕ್ಕಪಕ್ಕದ ಮನೆಯವರಿಗೆ ಮುಂದಾಗಿ ತಿಳಿಸುವ ಏರ್ಪಾಡು ಮಾಡಿದರೆ, ಆ ವಾರ ಕಾವಿನ ಕೋಳಿಗಳನ್ನಾದರೂ ಅವರು ಮನೆಯೊಳಗೆ ತಂದಿಟ್ಟುಕೊಳ್ಳುವರು.