ಲೈಬ್ರರಿ ಬದಲಾದಾಗ ಸೋಲುವ ಪರೀಕ್ಷೆಗಳು

ನಿನ್ನೆಯವರೆಗೆ ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗುತ್ತಿದ್ದ ತಂತ್ರಾಂಶವು, ತನ್ನಲ್ಲಿ ಒಂದಕ್ಷರವೂ ಬದಲಾಗದೆ, ಇಂದು ವಿಫಲವಾಗುವುದುಂಟು. ಬಿಲ್ಲಿಂಗ್, ದಾಸ್ತಾನು, ವೇತನಪಟ್ಟಿಗಳ ತಂತ್ರಾಂಶಗಳು ಅನ್ಯರು ಬರೆದ ಲೈಬ್ರರಿಗಳನ್ನು ಅವಲಂಬಿಸಿರುತ್ತವೆ. ಆ ಲೈಬ್ರರಿಗಳು ಮತ್ತಷ್ಟು ಲೈಬ್ರರಿಗಳನ್ನು. 2022ರ ಫೆಬ್ರವರಿಯಲ್ಲಿ ಮಾರ್ಕಪ್‌ಸೇಫ್ ಎಂಬ ಪುಟ್ಟ ಪೈಥಾನ್ ಲೈಬ್ರರಿಯು ತನ್ನ 2.1 ಆವೃತ್ತಿಯಲ್ಲಿ ಹಳೆಯ ಫಂಕ್ಷನ್ ಒಂದನ್ನು ಕೈಬಿಟ್ಟಿತು. ಅದನ್ನು ನಂಬಿದ್ದ ಜಿಂಜಾ ಲೈಬ್ರರಿಯ ಹಳೆಯ ಆವೃತ್ತಿಗಳು ಆರಂಭದಲ್ಲಿಯೇ ನಿಂತವು. ಜಿಂಜಾದ ಆವೃತ್ತಿಯನ್ನು ಮಾತ್ರ ಸ್ಥಿರಗೊಳಿಸಿದ್ದವರಿಗೂ ರಕ್ಷಣೆ ದೊರೆಯಲಿಲ್ಲ. ಮಾರ್ಕಪ್‌ಸೇಫ್‌ನ ಹೆಸರು ಅವರ ಪಟ್ಟಿಯಲ್ಲಿಯೇ ಇರಲಿಲ್ಲ.

ಕೆಲಸವೇ ನಿಂತುಹೋದಾಗ ಕಾರಣವನ್ನು ಹುಡುಕುವುದು ಕಷ್ಟವಲ್ಲ. ಕಠಿಣವಾದುದು ಮುಂದಿನ ಬಗೆ. ಸಂಖ್ಯಾಗಣನೆಗೆ ಬಳಸುವ ನಂಪೈ ಲೈಬ್ರರಿಯ 2.0 ಆವೃತ್ತಿ 2024ರ ಜೂನ್‌ನಲ್ಲಿ ಹೊರಬಂದಿತು. ಹಿಂದೆ 3.0 ಎಂದಷ್ಟೇ ಕಾಣುತ್ತಿದ್ದ ಉತ್ತರವು ಸಂಖ್ಯೆಯ ಬಗೆಯ ಹೆಸರನ್ನೂ ಹೊತ್ತು 'ಎನ್‌ಪಿ.ಫ್ಲೋಟ್64(3.0)' ಎಂದು ಕಾಣತೊಡಗಿತು. ಉತ್ತರದ ಅಕ್ಷರರೂಪವನ್ನು ಹೋಲಿಸುತ್ತಿದ್ದ ಪರೀಕ್ಷೆಗಳು ಸೋತವು. ಲೆಕ್ಕ ಮಾತ್ರ ಸರಿಯಾಗಿಯೇ ಇತ್ತು. ಇಲ್ಲಿ ಪರೀಕ್ಷೆಯನ್ನು ತಿದ್ದಿದರೆ ಸಾಕು.

ಆದರೆ ಅದೇ ಆವೃತ್ತಿಯಲ್ಲಿ ಲೆಕ್ಕದ ನಿಯಮವೂ ಬದಲಾಯಿತು. 32 ಬಿಟ್‌ನ ದಶಮಾಂಶ ಸಂಖ್ಯೆಯೊಂದಕ್ಕೆ ಪೈಥಾನಿನ ಸಾಮಾನ್ಯ ದಶಮಾಂಶ ಸಂಖ್ಯೆಯನ್ನು ಕೂಡಿಸಿದರೆ ಹಿಂದೆ ಉತ್ತರ 64 ಬಿಟ್‌ನಲ್ಲಿ ಬರುತ್ತಿತ್ತು. ಈಗ 32ರಲ್ಲಿಯೇ ಉಳಿಯುತ್ತದೆ. 1,67,77,216ಕ್ಕೆ 1.0 ಕೂಡಿಸಿದರೆ ಈಗ ಬರುವ ಮೊತ್ತ ಮತ್ತೆ 1,67,77,216. ಒಂದು ರೂಪಾಯಿ ಸದ್ದಿಲ್ಲದೆ ಮಾಯ!

ವಿಫಲ ಪರೀಕ್ಷೆಗಳ ಉದ್ದನೆಯ ಪಟ್ಟಿಯಲ್ಲಿ ಈ ಎರಡೂ ಬಗೆಗಳು ಒಂದೇ ಕೆಂಪು ಬಣ್ಣದಲ್ಲಿ ಬೆರೆತಿರುತ್ತವೆ. ವಿತರಣೆಯ ಗಡುವು ಸಮೀಪಿಸಿದಾಗ ನಿರೀಕ್ಷಿತ ಉತ್ತರಗಳನ್ನು ಒಟ್ಟಾಗಿ ಹೊಸ ಉತ್ತರಗಳಿಗೆ ಹೊಂದಿಸಿಬಿಡುವ ಅಭ್ಯಾಸ ಕೆಲವೆಡೆ ಇದೆ. ಇದು ಲೆಕ್ಕಪುಸ್ತಕದ ವ್ಯತ್ಯಾಸವನ್ನು ರಬ್ಬರಿನಿಂದ ಅಳಿಸಿದಂತೆಯೇ ಸರಿ.

ಮೊದಲು ಮಾಡಬೇಕಾದುದು, ಪರೀಕ್ಷೆ ಗೆದ್ದ ದಿನದ ಹಾಗೂ ಸೋತ ದಿನದ ಲೈಬ್ರರಿ ಆವೃತ್ತಿಗಳ ಪಟ್ಟಿಗಳನ್ನು ಎದುರುಬದುರು ಇಟ್ಟು ನೋಡುವುದು. ಪರೋಕ್ಷ ಲೈಬ್ರರಿಗಳೂ ಅದರಲ್ಲಿರಬೇಕು. ಹಳೆಯ ಪಟ್ಟಿಗೆ ಮರಳಿದಾಗ ಪರೀಕ್ಷೆ ಗೆದ್ದರೆ, ಬದಲಾದ ಲೈಬ್ರರಿಗಳನ್ನು ಒಂದೊಂದಾಗಿ ಮೇಲ್ದರ್ಜೆಗೇರಿಸಿ ಕಾರಣವಾದುದನ್ನು ಗುರುತಿಸಬಹುದು. ಅನಂತರ ಅದರ ಬಿಡುಗಡೆ ಟಿಪ್ಪಣಿಯನ್ನು ಓದಿ, ಸೋತ ಪ್ರತಿಯೊಂದು ಪರೀಕ್ಷೆಯಲ್ಲಿಯೂ ಬದಲಾದುದು ಉತ್ತರದ ರೂಪವೋ ಮೌಲ್ಯವೋ ಎಂದು ನಿರ್ಧರಿಸಬೇಕು. ಮೌಲ್ಯವೇ ಬದಲಾಗಿದ್ದರೆ ಲೆಕ್ಕಪತ್ರ ವಿಭಾಗದ ಒಪ್ಪಿಗೆಯಿಲ್ಲದೆ ಆ ಪರೀಕ್ಷೆಯನ್ನು ಮುಟ್ಟಬಾರದು. ಅಂದಹಾಗೆ, ಹಣದ ಮೊತ್ತಗಳನ್ನು ಪೈಸೆಗಳ ಪೂರ್ಣಾಂಕದಲ್ಲಿ ಇರಿಸಿಕೊಂಡಿರುವ ತಂತ್ರಾಂಶಗಳಿಗೆ ಈ 32 ಬಿಟ್‌ನ ತೊಡಕು ತಟ್ಟುವುದಿಲ್ಲ.