ಉಳಿದ ಎಲುಬಿಗೆ ಒಲಿದ ಜನ

ಮೂಕಂಡಪಲ್ಲಿಯ ಮಗ್ಗುಲಲ್ಲೇ ಹಾದುಹೋಗುವ 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಉತ್ತರಾಭಿಮುಖವಾಗಿ ಸುಮಾರು ಆರುನೂರು ಕಿಲೋಮೀಟರು ಸಾಗಿದರೆ ಹೈದರಾಬಾದು ದೊರೆಯುತ್ತದೆ. ಅಲ್ಲಿಯ ನೌಬತ್ ಪಹಾಡ್ ಗುಡ್ಡದ ಮೇಲಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ಕೋಟಾಸಾರಸ್ ಎಂಬ ಡೈನೋಸಾರ್ ನಿಂತಿದೆ. ಉದ್ದ 44 ಅಡಿ, ಎತ್ತರ 16 ಅಡಿ. ಗೋದಾವರಿ ಕಣಿವೆಯ ಯಾಮನಪಲ್ಲಿ ಗ್ರಾಮದ ಬಳಿ 1970ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಅಗೆದು ತೆಗೆದ ಸುಮಾರು 840 ಎಲುಬುಗಳು ಕನಿಷ್ಠ 12 ಪ್ರಾಣಿಗಳಿಗೆ ಸೇರಿದವು. ಅವುಗಳಿಂದ ಆಯ್ದು ಜೋಡಿಸಿದ ದೇಹವಿದು. ಅವಿಭಕ್ತ ಕುಟುಂಬವೊಂದು ಒಂದೇ ಒಡಲಾಗಿ ನಿಂತಿದೆ ಎನ್ನಬಹುದು. ತಲೆಬುರುಡೆ ಮಾತ್ರ ಸಿಗಲಿಲ್ಲ. ಎರಡು ಹಲ್ಲುಗಳಷ್ಟೇ ಸಿಕ್ಕವು. ಆದರೂ ಶಾಲಾ ಪ್ರವಾಸದಲ್ಲಿ ಬಂದ ಮಕ್ಕಳು ಅದರ ಬುಡದಲ್ಲಿ ಕತ್ತೆತ್ತಿ ನಿಂತು ನೋಡುತ್ತಾರೆ.

ಸತ್ತು ಕೋಟ್ಯಂತರ ವರ್ಷಗಳಾದ ಪ್ರಾಣಿಯ ಮೇಲೆ ಜನರಿಗೆ ಇಷ್ಟು ಅಕ್ಕರೆ ಏಕೆ? ಲಂಡನ್ನಿನ ಉದಾಹರಣೆ ಇನ್ನೂ ವಿಚಿತ್ರವಾದದ್ದು. ಅಲ್ಲಿಯ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ 1905ರಿಂದ ಇದ್ದ, ಜನರು ‘ಡಿಪ್ಪಿ’ ಎಂದು ಮುದ್ದಿನಿಂದ ಕರೆಯುವ ಡಿಪ್ಲೊಡೋಕಸ್ ನಿಜವಾದ ಎಲುಬಲ್ಲ, ಗಾರೆಯ ಅಚ್ಚು. ಅದನ್ನು ಮುಖ್ಯ ಸಭಾಂಗಣದಿಂದ ತೆಗೆದು ನೀಲಿ ತಿಮಿಂಗಿಲದ ಅಸ್ಥಿಪಂಜರವನ್ನು ತೂಗುಹಾಕುವರೆಂಬ ಸುದ್ದಿ ಹೊರಟಾಗ ಜನರು ಮನೆಯ ಹಿರಿಯರನ್ನು ಹೊರಗೆ ಕಳುಹಿಸಿದಂತೆ ನೊಂದುಕೊಂಡರು, ಬೇಡವೆಂದು ಮನವಿ ಸಲ್ಲಿಸಿದರು. 2017ರಲ್ಲಿ ಅದು ಸ್ಥಾನ ಬಿಟ್ಟಿತು. ಮರುವರ್ಷ ಬ್ರಿಟನ್ನಿನ ಊರೂರು ತಿರುಗಲು ಹೊರಟ ಅದನ್ನು ಸುಮಾರು 20 ಲಕ್ಷ ಮಂದಿ ನೋಡಿದರು. ಗಾರೆಯ ಪ್ರತಿಕೃತಿಗೇ ಇಷ್ಟು ಮಮತೆಯಾದರೆ, ಅಸಲು ಎಲುಬುಗಳ ನಮ್ಮ ಕೋಟಾಸಾರಸ್ಸಿಗೆ ಎಷ್ಟು ಸಲ್ಲಬೇಕು!

ಹೆಸರಿನಲ್ಲಿಯೂ ಆಪ್ತತೆಯಿದೆ. ಈ ಹೆಸರುಗಳೆಲ್ಲ ಬಾಯಿಗೆ ತಿರುಗದ ಪರಭಾಷೆಯ ಪದಗಳೆಂದು ಕನ್ನಡ ಮಾಧ್ಯಮದ ಮಕ್ಕಳ ತಂದೆತಾಯಂದಿರು ಅಂಜಬೇಕಾಗಿಲ್ಲ. ‘ಸಾರಸ್’ ಎಂದರೆ ಗ್ರೀಕಿನಲ್ಲಿ ಹಲ್ಲಿ. ‘ಕೋಟಾ’ ಗೋದಾವರಿ ತೀರದ ಹಳ್ಳಿಯ ಹೆಸರು. ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿರುವ ಬರಾಪಾಸಾರಸ್ ಟಾಗೋರೈ ಅದೇ ಕಣಿವೆಯದು. ಬಂಗಾಳಿಯಲ್ಲಿ ‘ಬರಾ ಪಾ’ ಎಂದರೆ ದೊಡ್ಡ ಕಾಲು. ಅದರ ತೊಡೆಯ ಮೂಳೆಯೇ ಐದಡಿಗೂ ಹೆಚ್ಚು. ರವೀಂದ್ರನಾಥ ಟಾಗೋರರ ಜನ್ಮಶತಾಬ್ದಿಯ ವರ್ಷವಾದ 1961ರಲ್ಲಿ ಎಲುಬುಗಳ ರಾಶಿ ದೊರೆತುದರಿಂದ ಕವಿಯ ಹೆಸರೂ ಸೇರಿಕೊಂಡಿತು.

ಮೂರನೆಯ ಹೆಸರು ಕನ್ನಡ ಓದುವವರಿಗೆ ಅರ್ಥ ಹೇಳಬೇಕಾಗಿಯೇ ಇಲ್ಲ: ಬೃಹತ್ಕಾಯೋಸಾರಸ್. ಅದು ದೊರೆತದ್ದು ನಾವಿರುವ ಈ ತಮಿಳುನಾಡಿನಲ್ಲಿಯೇ, ಅರಿಯಲೂರು ಸೀಮೆಯ ಕಲ್ಲಮೇಡಿನಲ್ಲಿ. ಕೋಟಾಸಾರಸ್ಸನ್ನು ಲೋಕಕ್ಕೆ ಪರಿಚಯಿಸಿದ ಯಾದಗಿರಿಯವರು ಅಯ್ಯಸಾಮಿಯವರೊಡನೆ 1980ರ ದಶಕದಲ್ಲಿ ಇದನ್ನು ವರ್ಣಿಸಿದರು. ಮೊಣಕಾಲ ಕೆಳಗಿನ ಮೂಳೆಯೊಂದೇ ಎರಡು ಮೀಟರು ಉದ್ದ! ಆ ಅಳತೆ ನಿಜವಾದರೆ ನೆಲದ ಮೇಲೆ ನಡೆದ ಅತಿ ದೊಡ್ಡ ಪ್ರಾಣಿಗಳ ಸಾಲಿನಲ್ಲಿ ಇದಕ್ಕೆ ಸ್ಥಾನವಿದೆ. ಆದರೆ ಈಗ ಅಳೆಯುವುದಾದರೂ ಏನನ್ನು? ಆ ಮೂಳೆಗಳು ಉಳಿಯದೆ ಪುಡಿಯಾಗಿ ಹೋದವು. ಚಿತ್ರಗಳೂ ಬರಹವೂ ಮಾತ್ರ ಉಳಿದಿವೆ. ಅವು ಎಲುಬುಗಳೇ ಅಲ್ಲ, ಕಲ್ಲಾದ ಮರವಿರಬಹುದೆಂಬ ಸಂಶಯವನ್ನೂ ಕೆಲವರು ಎತ್ತಿದರು. ಉತ್ತರ ಹೇಳಬೇಕಾದ ಸಾಕ್ಷಿ ನಾಶವಾಗಿತ್ತು. ಹೈದರಾಬಾದಿನ ಮಕ್ಕಳಿಗೆ ದೊರೆತ ಭಾಗ್ಯ ನಮ್ಮ ಮಕ್ಕಳಿಗೆ ದೊರೆಯಲಿಲ್ಲ.

ಕಾನೂನಿನ ಆಸರೆಯೂ ಇಲ್ಲಿ ತೆಳುವೇ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ವ್ಯಾಖ್ಯೆಯಲ್ಲಿ ನಾಣ್ಯ, ಶಿಲ್ಪ, ಚಿತ್ರ, ಶಾಸನ, ಹಸ್ತಪ್ರತಿಗಳ ಹೆಸರು ಬರುತ್ತದೆ. ಪಳೆಯುಳಿಕೆ ಎಂಬ ಪದವಿಲ್ಲ. ಭೂಪರಂಪರೆಯ ತಾಣಗಳ ರಕ್ಷಣೆಗೆಂದು ಕೇಂದ್ರ ಗಣಿ ಸಚಿವಾಲಯವು ಪ್ರತ್ಯೇಕ ಕರಡು ಮಸೂದೆಯನ್ನು ಪ್ರಕಟಿಸಿದ್ದು 2022ರಲ್ಲಿ. ಅಷ್ಟರಲ್ಲಿ ಕಲ್ಲಮೇಡಿನ ಮೂಳೆಗಳು ಮಣ್ಣಾಗಿ ಎಷ್ಟೋ ಕಾಲವಾಗಿತ್ತು.

ಕಾನೂನಿಗಿಂತ ಮೊದಲೇ ಜನರ ಭಕ್ತಿ ಕಾಪಾಡಿದ್ದೂ ಉಂಟು. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಪಾಡ್ಲ್ಯಾ ಗ್ರಾಮದಲ್ಲಿ ಹೊಲವನ್ನೂ ದನಕರುಗಳನ್ನೂ ಕಾಯುವ ಕುಲದೇವರೆಂದು ತಲೆಮಾರುಗಳಿಂದ ಪೂಜೆಗೊಂಡ ಉರುಟು ಕಲ್ಲುಗಳು ಡೈನೋಸಾರ್ ಮೊಟ್ಟೆಗಳೆಂದು 2023ರಲ್ಲಿ ತಿಳಿದುಬಂತು. ನಗುವ ಮಾತಲ್ಲ ಇದು. ಆ ರೈತರು ಕಲ್ಲನ್ನು ಒಡೆಯಲಿಲ್ಲ, ಮಾರಲಿಲ್ಲ.

ಹೊಸೂರು, ಕೃಷ್ಣಗಿರಿಯ ಗುಡ್ಡಗಳಲ್ಲಿ ಇಂಥ ಎಲುಬು ಸಿಗಬಹುದೇ ಎಂದು ಮಕ್ಕಳು ಕೇಳಿದರೆ, ಇಲ್ಲವೆನ್ನಬೇಕು. ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ; ನಮ್ಮ ಬಂಡೆಗಳ ವಯಸ್ಸು ಸುಮಾರು 250 ಕೋಟಿ. ಬೆಂದು ಗಟ್ಟಿಯಾದ ಈ ಕಲ್ಲಿನಲ್ಲಿ ಎಲುಬು ಉಳಿಯುವಂತಿಲ್ಲ. ಅದಕ್ಕೆ ಹೊಳೆಯೋ ಕಡಲೋ ತಂದು ಹರಡಿದ ಮೆಕ್ಕಲು ಬೇಕು. ಅರಿಯಲೂರಿನ ನೆಲ ಅಂಥದು, ಒಂದು ಕಾಲದ ಕಡಲ ತಳ. ಅಲ್ಲಿಗೆ ಸಮೀಪದ ವಾರಣವಾಸಿಯಲ್ಲಿ ಈಗ ಸರಕಾರದ ಪಳೆಯುಳಿಕೆ ಸಂಗ್ರಹಾಲಯವಿದೆ. ಶಾಲೆಗಳು ಪ್ರವಾಸದ ದಾರಿಯನ್ನು ಗೊತ್ತುಮಾಡುವಾಗ ಈ ಹೆಸರನ್ನೂ ಪಟ್ಟಿಗೆ ಸೇರಿಸುವುದು ಲೇಸು. ಆ ಸೀಮೆಯಲ್ಲಿ ದೊರೆಯುವ ಪಳೆಯುಳಿಕೆಗಳಲ್ಲಿ ಸುರುಳಿ ಚಿಪ್ಪಿನ ಅಮ್ಮೊನೈಟ್ ಪ್ರಸಿದ್ಧವಾದದ್ದು. ಗಂಡಕಿ ನದಿಯಿಂದ ಬಂದು ನಮ್ಮ ಮನೆಗಳ ದೇವರ ಪೆಟ್ಟಿಗೆ ಸೇರಿರುವ ಸಾಲಿಗ್ರಾಮವೂ ಅದೇ ಜಾತಿಯ ಜೀವಿಯ ಪಳೆಯುಳಿಕೆ. ಅಜ್ಜಿ ಅದಕ್ಕೆ ಅಭಿಷೇಕ ಮಾಡುವುದನ್ನು ಕಂಡ ಮಗುವು ಆ ಸುರುಳಿಯನ್ನು ಒಡನೆ ಗುರುತಿಸುತ್ತದೆ.