ಆ ನ್ಯೂಸ್ ಕ್ಲಿಪ್ ನಾಳೆನೂ ಇರುತ್ತಾ?

ಡಾಕ್ಯುಮೆಂಟರಿಗೆ ಬೇಕಾದ ನ್ಯೂಸ್ ಕ್ಲಿಪ್
ಯೂಟ್ಯೂಬ್‌ನಲ್ಲಿ ಸಿಕ್ತು.
ಲಿಂಕ್ ಸೇವ್ ಮಾಡಿಟ್ರೆ ಸಾಕಾ?

ಸಾಲದು.
ಚಾನೆಲ್‌ನವರು ವಿಡಿಯೊ ತೆಗೆದುಬಿಟ್ರೆ
ನಿಮ್ಮ ಹತ್ರ ಉಳಿಯೋದು ಬರೀ ಲಿಂಕ್.

ಸ್ಕ್ರೀನ್ ರೆಕಾರ್ಡ್ ಮಾಡ್ಕೋತೀರಾ?
ಅದು ಜೆರಾಕ್ಸ್‌ನ ಜೆರಾಕ್ಸ್ ಇದ್ದ ಹಾಗೆ.
ಫೋನಲ್ಲಿ ಚೆನ್ನಾಗೇ ಕಾಣುತ್ತೆ.
ದೊಡ್ಡ ಪರದೆಗೆ ಹಾಕಿ ನೋಡಿ,
ಕೆಳಗೆ ಓಡೋ ಸ್ಕ್ರೋಲ್‌ನ ಅಕ್ಷರ
ಎಲ್ಲಾ ಕಲಸಿಹೋಗಿರುತ್ತೆ.

ರಫ್ ಕಟ್‌ಗೆ ಅಷ್ಟು ಸಾಕು, ಬಿಡಿ.
ಆದ್ರೆ ಫೈಲ್ ಹೆಸರಲ್ಲಿ
ಚಾನೆಲ್, ಪ್ರಸಾರದ ತಾರೀಖು ಇರಲಿ.
‘ಫೈನಲ್ ಫೈನಲ್ 2’ ಬೇಡ, ಪ್ಲೀಸ್!

ಇನ್ನು ಹಕ್ಕಿನ ವಿಷಯ.
ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ
ಪ್ರಸಾರದ ಮೇಲೆ ಚಾನೆಲ್‌ಗೆ 25 ವರ್ಷ ಹಕ್ಕಿದೆ.
ವಿಮರ್ಶೆಗೆ ಚಿಕ್ಕ ತುಣುಕು ಬಳಸೋಕೆ ವಿನಾಯಿತಿ ಉಂಟು.
ಆದ್ರೆ ‘ಕೃಪೆ: ಯೂಟ್ಯೂಬ್’ ಅಂತ ಹಾಕಿದ ತಕ್ಷಣ
ಅನುಮತಿ ಸಿಕ್ಕಂಗಲ್ಲ.

ಚಾನೆಲ್‌ಗೇ ಮೇಲ್ ಹಾಕಿ.
ಒಪ್ಪಿದ್ರೆ, ಲೈಸೆನ್ಸ್ ಜೊತೆ
ಮೂಲ ಫೈಲೇ ಕೇಳಿ.